ಸರಸುವಿನ ಗಿಟಾರು, ನಾಗೇಶನ ಬೇಲಿ

ಮೊನ್ನೆ ಬೆಳಿಗ್ಗೆ ಪಕ್ಕದ ಗದ್ದೆಯ ನಾಗೇಶ ಬಂದು ನಮ್ಮನೆ ಮೆಟ್ಟಿಲ ಮೇಲೆ ಒಂದು ಸಿಹಿಗೆಣಸು ಇಟ್ಟ. ಪೂರ್ತಿ ಗೆಣಸಲ್ಲ, ಅರ್ಧ. ಇನ್ನರ್ಧವನ್ನು ಕಾಡುಹಂದಿ ತಿಂದಿತ್ತು. ಹಲ್ಲಿನ ಗುರುತು ನನಗೆ ಕಾಣಲಿ ಅಂತ ಆ ಮಗ್ಗುಲನ್ನೇ ಮೇಲೆ ಮಾಡಿ ಇಟ್ಟಿದ್ದ.

"ಎಂತ ಮಾರಾಯ, ಹಂದಿ ಎಂಜಲು ತಂದು ಕೊಡ್ತೀಯ?" ಅಂದೆ.

"ಎರಡು ಸಾಲು ಹೋತು ದೊಡ್ಡಮ್ಮ. ಬೇಲಿ ಆಫ್ ಇರೋ ಹೊತ್ತನ್ನೇ ನೋಡ್ಕಂಡು ಬರ್ತಾವೆ. ಅವಕ್ಕೆ ವಾಚು ಕಟ್ಟಿದ್ದಾರೋ ಏನೋ." ಆಮೇಲೆ ಅಂಗಳದ ತುಳಸಿಕಟ್ಟೆ ನೋಡುತ್ತಾ ಮೆಲ್ಲಗೆ ಕೇಳಿದ. "ಇನ್ನು ಆರು ಗಂಟೆಗೆ ಆಫ್ ಮಾಡೋದು ಬ್ಯಾಡ ಅಲ್ದಾ?"

ಸರಸು ಸತ್ತು ಒಂದು ವರ್ಷದ ಮೇಲಾಯಿತು. ಈ ಪುಣ್ಯಾತ್ಮ ಇಷ್ಟು ದಿನವೂ ಸಂಜೆ ಆರರಿಂದ ಏಳರವರೆಗೆ ಕರೆಂಟು ಬೇಲಿ ಆಫ್ ಮಾಡಿಕೊಂಡೇ ಇದ್ದ. ನಾನು ಮಾಡು ಅಂದವಳು, ಸಾಕು ಅಂತ ಹೇಳಲೇ ಇಲ್ಲ. ಮರೆತಿದ್ದೆ. "ಸಂಜೆ ಹೇಳ್ತೀನಿ ಹೋಗು" ಅಂದೆ. ಹೌದು ಅಂತ ಒಂದು ಮಾತು ಹೇಳಲಿಕ್ಕೆ ಸಂಜೆಯವರೆಗೆ ಯಾಕೆ ಬೇಕಿತ್ತು ಅಂತ ನೀವು ಕೇಳಬಹುದು. ಅವನೂ ಹಾಗೇ ನೋಡಿದ. ಗೆಣಸು ಅಲ್ಲೇ ಬಿಟ್ಟು ಹೋದ.

ಸರಸು ನನ್ನ ನಾದಿನಿ, ಗಂಡನ ತಂಗಿ. ಮದುವೆಯಾಗಲಿಲ್ಲ. ಯಾಕೆ ಅಂತ ಊರಿನವರು ನಾಲ್ಕು ಕಾರಣ ಹೇಳುತ್ತಿದ್ದರು, ನಾಲ್ಕೂ ಸುಳ್ಳು. ಅವಳಿಗೆ ಬೇಡವಾಗಿತ್ತು, ಅಷ್ಟೇ. ನಾನು ಈ ಮನೆಗೆ ಬಂದಾಗ ಅವಳಿಗೆ ಹದಿನೇಳು. ಆಮೇಲೆ ನಮ್ಮನೆಯವರು ಹೋದರು, ಅತ್ತೆ ಹೋದರು, ಉಳಿದವರು ನಾವಿಬ್ಬರು ಮತ್ತು ಹಿಟ್ಟಿನ ಗಿರಣಿ.

ಸೀತೂರು ಕಡೆಯವರಿಗೆ ನಮ್ಮ ಗಿರಣಿ ನೆನಪಿರಬಹುದು. ರಸ್ತೆ ಬದಿಯ ಮುಂದಿನ ಕೋಣೆಯಲ್ಲಿ ಒಂದು ಕಡೆ ಹಿಟ್ಟಿನ ಕಲ್ಲು, ಇನ್ನೊಂದು ಕಡೆ ಭತ್ತದ ಮಿಲ್ಲು, ನಡುವೆ ಒಂದೇ ಮೋಟಾರು. ತೂಕ, ಚಿಲ್ಲರೆ, ಜಗಳ ನನ್ನ ಪಾಲು. ನಾಲ್ಕನೇ ಕ್ಲಾಸು ಓದಿದವಳು, ಡಬ್ಬಿಗಳ ಮೇಲೆ ಹೆಸರು ಬರೆದೂ ಬರೆದೂ ಅಕ್ಷರ ಕೈಯಲ್ಲಿ ಉಳಿಯಿತು. ಮೆಷೀನು ಸರಸುವಿನ ಪಾಲು. ಬೆಲ್ಟು ಹಾಕುವುದು, ಸವೆದ ಕಲ್ಲಿಗೆ ಉಳಿಯಲ್ಲಿ ಕಚ್ಚು ಹಾಕುವುದು, ಗ್ರೀಸು ಬಳಿಯುವುದು. ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಗೆ ಒಂದು ಟವೆಲು ಕಟ್ಟಿ ನಿಂತರೆ ಹುಬ್ಬಿನವರೆಗೂ ಬಿಳಿ. ರಾಗಿ ಬಂದ ದಿನ ಕಂದು.

ಆ ಗದ್ದಲದ ನಡುವೆ ಮೂವತ್ತೈದು ವರ್ಷ ನಿಂತರೆ ಕಿವಿ ಉಳಿಯುತ್ತದೆಯೇ. ಮೊದಲು ಹಕ್ಕಿ ಹೋಯಿತು, ಆಮೇಲೆ ಫೋನು ಹೋಯಿತು, ಕೊನೆಗೆ ನಾನೂ ಹೋದೆ. ನನ್ನ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದಳು. ನಾನು ಬೈಯಲು ಶುರು ಮಾಡಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅದಕ್ಕಿಂತ ಒಳ್ಳೆ ಉಪಾಯ ನಾನು ಬೇರೆ ಯಾರಲ್ಲೂ ನೋಡಿಲ್ಲ. ಎನ್ಆರ್ ಪುರದಲ್ಲಿ ಒಂದು ಕ್ಯಾಂಪಿನಲ್ಲಿ ಕಿವಿಗೆ ಹಾಕುವ ಮೆಷೀನು ಕೊಟ್ಟಿದ್ದರು. ಅದು ಕುಕ್ಕರಿನ ಹಾಗೆ ಶಿಳ್ಳೆ ಹೊಡೆಯುತ್ತದೆ ಅಂತ ತೆಗೆದು ಅಕ್ಕಿ ಡಬ್ಬಿಯಲ್ಲಿ ಹಾಕಿದಳು. ಮೂರು ತಿಂಗಳ ಮೇಲೆ ಅದು ನನ್ನ ಅನ್ನದಲ್ಲಿ ಸಿಕ್ಕಿತು.

ಆದರೆ ಅವಳಿಗೆ ಕೇಳುವ ಇನ್ನೊಂದು ದಾರಿ ಇತ್ತು. ಮೋಟಾರಿನ ಬೇರಿಂಗು ಹಾಳಾಗಿದೆಯೋ ಇಲ್ಲವೋ ನೋಡಲು ಮೆಕ್ಯಾನಿಕ್ಕುಗಳು ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಡುತ್ತಾರೆ. ಸರಸು ಬೀಟೆ ಮರದ ಒಂದು ಕೋಲು ಇಟ್ಟುಕೊಂಡಿದ್ದಳು. ಒಂದು ತುದಿ ಬೇರಿಂಗಿಗೆ, ಇನ್ನೊಂದು ತುದಿ ದವಡೆಗೆ. ಕಣ್ಣು ಮುಚ್ಚಿ ನಿಂತು, "ಇನ್ನೊಂದು ತಿಂಗಳು ಬರ್ತದೆ ಅತ್ತಿಗೆ" ಅನ್ನುತ್ತಿದ್ದಳು. ಬರುತ್ತಿತ್ತು. ಮತ್ತೆ ಇನ್ನೊಂದು ಲೆಕ್ಕ ಇತ್ತು. ಸ್ವಿಚ್ಚು ಆರಿಸಿ ಬೆಲ್ಟು ತಪ್ಪಿಸಿದ ಮೇಲೆ ಚಕ್ರ ತಾನಾಗಿ ಎಷ್ಟು ಹೊತ್ತು ತಿರುಗುತ್ತದೆ ಅಂತ ಎಣಿಸುವುದು. ಹೆಚ್ಚು ತಿರುಗಿದರೆ ಒಳ್ಳೆ ಚಕ್ರ, ಬೇಗ ನಿಂತರೆ ಒಳಗೆ ಎಲ್ಲೋ ತಿಕ್ಕುತ್ತಿದೆ.

ಪ್ಯಾಕೆಟ್ ಹಿಟ್ಟು ಬಂತು, ಜನ ಕಡಿಮೆಯಾದರು, ಗಿರಣಿ ಮುಚ್ಚಿದೆವು. ಕಲ್ಲು ಮತ್ತು ಮಿಲ್ಲು ಮಾರಿದ ದುಡ್ಡು ಮನೆ ಹಂಚಿಗೆ ಹೋಯಿತು. ಮೋಟಾರಿಗೆ ಬಂದ ಹನ್ನೆರಡು ಸಾವಿರ ಸರಸುವಿಗೆ ಅಂತ ನಾನೇ ಹೇಳಿದೆ. ಎರಡು ಒಳ್ಳೆ ಸೀರೆ, ಒಂದು ಮಂಚ ಅಂತ ನನ್ನ ತಲೆಯಲ್ಲಿತ್ತು.

"ನನಗೆ ಕರೆಂಟಿನ ಗಿಟಾರು ಬೇಕು" ಅಂದಳು.

ಐವತ್ತೊಂಬತ್ತು ವರ್ಷದ ಕಿವುಡಿ. ನಾನು ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟೆ.

ಎಷ್ಟೋ ವರ್ಷದ ಹಿಂದೆ ನಾವಿಬ್ಬರೂ ಎನ್ಆರ್ ಪುರದಲ್ಲಿ ಗಣಪತಿ ಇಟ್ಟಲ್ಲಿ ಆರ್ಕೆಸ್ಟ್ರಾ ನೋಡಲು ಹೋಗಿದ್ದೆವು. ಅವಳು ಸ್ಪೀಕರು ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತವಳು ಮುಗಿಯುವವರೆಗೆ ಏಳಲಿಲ್ಲ. ಬರುವಾಗ ದಾರಿಯಲ್ಲಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಅವನು ಒಂದು ಸಲ ತಂತಿ ಎಳೆದು ಕೈ ಬಿಟ್ಟ ಅತ್ತಿಗೆ. ಬೆಲ್ಟು ತಪ್ಪಿಸಿದ ಮೇಲೆ ಚಕ್ರ ತಿರುಗ್ತದಲ್ಲ, ಹಾಗೆ ಹೋಗ್ತಾನೇ ಇತ್ತು." ಆಗ ನಾನು ಕೇಳಿ ಮರೆತೆ. ಅವಳು ಮರೆತಿರಲಿಲ್ಲ.

ಮೊದಲು ಹೋದದ್ದು ಶೃಂಗೇರಿ ಕಡೆ ಮೆಣಸೆಗೆ. ಅಲ್ಲೊಬ್ಬ ಆರ್ಕೆಸ್ಟ್ರಾ ಬಿಟ್ಟವನು ಹಳೆ ಗಿಟಾರು ಮಾರುತ್ತಾನೆ ಅಂತ ನಾಗೇಶನ ಹೆಂಡತಿ ಫೋನಿನಲ್ಲಿ ಹುಡುಕಿ ಕೊಟ್ಟಿದ್ದಳು. ಮನುಷ್ಯ ಲುಂಗಿಯಲ್ಲೇ ಹೊರಗೆ ಬಂದ. ಗಿಟಾರು ಕುಂಕುಮದಷ್ಟು ಕೆಂಪು, ಮೇಲೆ ಬೆಂಕಿಯ ಚಿತ್ರ. ಜೊತೆಗೆ ಭತ್ತದ ಪೆಟ್ಟಿಗೆಯಷ್ಟು ದೊಡ್ಡ ಆಂಪ್ಲಿಫೈಯರು. ಅವನು ಹಾಕಿ ಬಾರಿಸಿದ, ಅವನ ನಾಯಿ ಎದ್ದು ಹೋಯಿತು.

ಸರಸು ಆಂಪ್ಲಿಫೈಯರು ಆರಿಸು ಅಂತ ಕೈ ಮಾಡಿದಳು. ಗಿಟಾರು ತೊಡೆ ಮೇಲೆ ಇಟ್ಟುಕೊಂಡು, ಮೊದಲು ಅದರ ಕತ್ತು ಹಿಡಿದು ಅಲ್ಲಾಡಿಸಿದಳು, ಶಾಫ್ಟು ಅಲ್ಲಾಡಿಸುವ ಹಾಗೆ. ಆಮೇಲೆ ಅದರ ಕೊಂಬಿನ ಹಾಗಿರುವ ಜಾಗವನ್ನು ದವಡೆಗೆ ಒತ್ತಿ, ದಪ್ಪ ತಂತಿ ಒಂದು ಸಲ ಮೀಟಿ, ಇನ್ನೊಂದು ಕೈಯ ಬೆರಳಿನಲ್ಲಿ ಮೊಣಕಾಲ ಮೇಲೆ ಎಣಿಸಿದಳು. ಏಳಕ್ಕೆ ನಿಂತಿತು.

"ತಾಯಿ, ಕಚ್ಚಿ ನೋಡಕ್ಕೆ ಅದೇನು ಮಾವಿನಕಾಯ?" ಅಂದ ಅವನು.

"ಕತ್ತು ಸಡಿಲ ಇದೆ. ಸ್ಕ್ರೂ ತಿಂದು ಹೋಗಿದೆ. ಇವನು ಬಣ್ಣ ಮಾರ್ತಿದ್ದಾನೆ" ಅಂದಳು, ಕಿವುಡರು ಮಾತಾಡುವಷ್ಟು ಜೋರಾಗಿ. ಅಲ್ಲಿ ನಮಗೆ ಯಾರೂ ನೀರು ಕೊಡಲಿಲ್ಲ.

ಎರಡನೇ ಸಲ ಹೋದದ್ದು ಕೊಪ್ಪಕ್ಕೆ. ಬಸ್ ಸ್ಟ್ಯಾಂಡಿನ ಹತ್ತಿರ ಹಾರ್ಮೋನಿಯಂ, ತಬಲ ಮಾರುವ ಒಂದು ಸಣ್ಣ ಅಂಗಡಿ. ಗೋಡೆಗೆ ಮೂರು ಕರೆಂಟಿನ ಗಿಟಾರು ನೇತು ಹಾಕಿದ್ದರು.

"ಮೊಮ್ಮಗನಿಗಾ ಅಮ್ಮ?" ಅಂತ ಅಂಗಡಿಯವನು ಕೇಳಿದ.

"ಇವಳಿಗೆ" ಅಂದೆ.

ಅವನು ಇವಳನ್ನು ನೋಡಿದ, ನನ್ನನ್ನು ನೋಡಿದ. ಪಾಪ, ಒಳ್ಳೆ ವ್ಯಾಪಾರಿ, ಸ್ಟೂಲು ಹಾಕಿದ.

ನಾನು ಸುಮ್ಮನಿರಲಿಲ್ಲ. "ಇದರಲ್ಲಿ ತೂತೇ ಇಲ್ವಲ್ಲ. ಹಲಗೆಗೆ ತಂತಿ ಬಿಗಿದು ಏಳೂವರೆ ಸಾವಿರ ಹೇಳ್ತೀರಲ್ಲ" ಅಂದೆ. ತೂತು ಇರುವುದು ಬೇರೆ ಜಾತಿ, ಇದಕ್ಕೆ ಗಟ್ಟಿ ಮರವೇ ಬೇಕು, ಸದ್ದು ಪೆಟ್ಟಿಗೆಯಿಂದ ಬರುತ್ತದೆ ಅಂತ ಅವನು ವಿವರಿಸಿದ. ಸರಸು ಅಷ್ಟರಲ್ಲಿ ಮೂರನ್ನೂ ದವಡೆಗೆ ಒತ್ತಿ ಎಣಿಸಿ ಮುಗಿಸಿದ್ದಳು. ಒಂದು ಹನ್ನೊಂದರವರೆಗೆ ಹೋಯಿತು. ಎಲ್ಲಕ್ಕಿಂತ ಹೆಚ್ಚು ಬೆಲೆಯದ್ದು ಹದಿನಾರು. ಮೂಲೆಯ ಕಪ್ಪು ಗಿಟಾರು, ಹೊಳಪೂ ಇಲ್ಲ, ಚಿತ್ರವೂ ಇಲ್ಲ, ಹತ್ತೊಂಬತ್ತು. "ಇದು" ಅಂದಳು. ಅಂಗಡಿಯವನು ತಾನೂ ದವಡೆಗೆ ಒತ್ತಿ ನೋಡಿದ. ಇಪ್ಪತ್ತು ವರ್ಷದಿಂದ ಮಾರುತ್ತಿದ್ದೇನೆ, ಹೀಗೆ ಯಾರೂ ಆರಿಸಿಲ್ಲ ಅಂದ.

ಈಗ ಪೆಟ್ಟಿಗೆ. ಆಂಪ್ಲಿಫೈಯರು ಎರಡು ಇದ್ದವು. ಸಣ್ಣದು ನಾಲ್ಕು ಸಾವಿರ, ದೊಡ್ಡದು ಆರು. ಗಿಟಾರಿನ ಏಳೂವರೆ ಕಳೆದರೆ, ದೊಡ್ಡದಕ್ಕೆ ಸರಸುವಿನ ದುಡ್ಡಿನಲ್ಲಿ ಸಾವಿರದ ಐನೂರು ಕಡಿಮೆ ಬೀಳುತ್ತಿತ್ತು. ನನ್ನ ಕುಪ್ಪಸದ ಪರ್ಸಿನಲ್ಲಿ ಎರಡು ಸಾವಿರ ಇತ್ತು, ದನಕ್ಕೆ ಹಿಂಡಿ ತರಲಿಕ್ಕೆ. ಸರಸುವಿಗೆ ಅದು ಗೊತ್ತಿರಲಿಲ್ಲ.

ಅವಳು ನನ್ನ ಕೈ ಹಿಡಿದು ಅಂಗಡಿಯಿಂದ ಹೊರಗೆ ಕರೆದುಕೊಂಡು ಹೋದಳು. ಒಂದೊಂದೇ ಹೆಜ್ಜೆ ಎಣಿಸುತ್ತಾ ರಸ್ತೆ ದಾಟಿಸಿ, ಒಂದು ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಲ್ಲಿಸಿದಳು. "ಇಪ್ಪತ್ತಾರು. ಇಲ್ಲೇ ನಿಂತಿರು. ಎರಡನ್ನೂ ಬಾರಿಸ್ತೀನಿ. ಚೆನ್ನಾಗಿ ಕೇಳಿದರೆ ಕೈ ಎತ್ತು."

"ಎಂತಕ್ಕೆ ಇಪ್ಪತ್ತಾರು?" ಅಂದೆ. ಆಗಲೇ ತಿರುಗಿದ್ದಳು. ನನ್ನ ತುಟಿ ಕಾಣಲಿಲ್ಲ.

ದೊಡ್ಡದನ್ನು ಬಾರಿಸಿದಾಗ ಕಬ್ಬಿನ ಹಾಲಿನವನೂ ತಲೆ ಎತ್ತಿ ನೋಡಿದ. ನಾನು ಕೈ ಎತ್ತಿದೆ. ಎರಡನೆಯದು, ಸಣ್ಣದು, ಬಾರಿಸುವ ಹೊತ್ತಿಗೆ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು, ಕಂಡಕ್ಟರು ಅದರ ಬೆನ್ನು ಬಡಿಯುತ್ತಾ ಕೂಗುತ್ತಿದ್ದ. ಅಂಗಡಿ ಬಾಗಿಲಿನಲ್ಲಿ ಸರಸುವಿನ ಕೈ ಆಡುವುದು ಕಾಣುತ್ತಿತ್ತು. ಸದ್ದು ಬರಲಿಲ್ಲ. ಬಂದಿದ್ದರೂ ಸೊಳ್ಳೆಯಷ್ಟು. ಬಿಸಿಲು, ಮಂಡಿ ನೋವು, ಹೊರಟು ನಿಂತಿದ್ದ ನಮ್ಮೂರ ಬಸ್ಸು, ಪರ್ಸಿನಲ್ಲಿದ್ದ ಹಿಂಡಿ ದುಡ್ಡು. ಕಿವುಡಿಗೆ ಪೆಟ್ಟಿಗೆ ಎಷ್ಟು ದೊಡ್ಡದಾದರೇನು ಅಂತಲೂ ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಅಂದುಕೊಂಡೆ.

ಕೈ ಎತ್ತಿದೆ. ಎರಡೂ ಕೈ ಎತ್ತಿದೆ.

ಅವಳ ಮುಖ ಅಷ್ಟು ದೂರದಿಂದಲೂ ಅರಳಿದ್ದು ಕಾಣಿಸಿತು.

ಬಸ್ಸಿನಲ್ಲಿ ಸಣ್ಣ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟು, ಗಿಟಾರನ್ನು ಸೀಟಿನ ಮೇಲೆ ಕೂರಿಸಿ ತಾನು ನಿಂತಳು. ಅದಕ್ಕೂ ಟಿಕೇಟು ಆಗಬೇಕು ಅಂತ ಕಂಡಕ್ಟರು ತಮಾಷೆ ಮಾಡಿದರೆ, ಅವನ ತುಟಿ ಓದಿ, ನಿಜ ಅಂತ ತಿಳಿದು ಟಿಕೇಟು ತೆಗೆದಳು.

ಮನೆಗೆ ತಂದು ಹಾಕಿದರೆ ಒಂದೇ ಸಮನೆ ಗುಂಯ್ ಅನ್ನುತ್ತಿತ್ತು. ನಾನು ಹೇಳಿದ್ದಕ್ಕೆ, ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತು ಸರಿಯಿಲ್ಲ ಅಂದಳು. ಗಿರಣಿಯ ಕಾಲದ ಅರ್ತಿನ ಗುಂಡಿ ಹಿತ್ತಲಲ್ಲಿತ್ತು. ಉಪ್ಪು, ಇದ್ದಿಲು ಹಾಕಿ ಎರಡು ಕೊಡ ನೀರು ಹೊಯ್ದಳು. ಗುಂಯ್ ನಿಂತಿತು. ಆದರೆ ಇನ್ನೊಂದು ಸದ್ದು ಉಳಿಯಿತು. ಟಕ್. ಸ್ವಲ್ಪ ಹೊತ್ತು. ಟಕ್. ಯಾರೋ ಒಳಗೆ ಕೂತು ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುವ ಹಾಗೆ. ಪೆಟ್ಟಿಗೆ ಸಣ್ಣದಾದ್ದರಿಂದ ಅವಳು ಸದ್ದು ಹೆಚ್ಚಿಸುವ ಗುಂಡಿಯನ್ನು ಪೂರ್ತಿ ತಿರುಗಿಸಿ ಇಡುತ್ತಿದ್ದಳು. ಪೂರ್ತಿ ತಿರುಗಿಸಿದರೆ ಹಾಡಿನಷ್ಟೇ ಟಕ್ ಟಕ್ ಕೂಡ ಜೋರು.

ಅವಳಿಗೆ ಅದು ಕೇಳುತ್ತಿರಲಿಲ್ಲ. ನಾನೇ ಕಂಡುಹಿಡಿದೆ. ಒಂದು ದಿನ ನಾಗೇಶ ಬೇಲಿಗೆ ಬಿದ್ದ ಕೊಂಬೆ ಎತ್ತಲು ಸ್ವಿಚ್ಚು ಆರಿಸಿದ, ಟಕ್ ನಿಂತಿತು. ಹಾಕಿದ, ಶುರುವಾಯಿತು. ಹಂದಿಗೆ ಅಂತ ಅವನು ತಂತಿಯಲ್ಲಿ ಬಿಡುವ ಕರೆಂಟು ಒಂದೊಂದೇ ಏಟಾಗಿ ಹೋಗುತ್ತದಲ್ಲ, ಅದೇ ಏಟು ನಮ್ಮನೆ ಪೆಟ್ಟಿಗೆಯಲ್ಲಿ ಬೀಳುತ್ತಿತ್ತು. ಹೋಗಿ ಜಗಳ ಮಾಡಿದೆ.

"ದೊಡ್ಡಮ್ಮ, ನನ್ನ ಬೇಲಿ ನನ್ನ ಗದ್ದೇಲಿ ಇದೆ. ನಿಮ್ಮನೆ ಒಳಗೆ ಬಂದು ನಾನೆಂತಕ್ಕೆ ಟಕ್ ಅನ್ನಲಿ?"

"ಬಂದು ಕೇಳು ಬಾ" ಅಂದೆ.

ಬಂದ, ಕೇಳಿದ, ಬೆಪ್ಪಾದ. ಸರಸು ಕೂತು ಬಾರಿಸುವ ಹೊತ್ತು ಸಂಜೆ ಆರರಿಂದ ಏಳು. ಆ ಒಂದು ಗಂಟೆ ಆಫ್ ಮಾಡುತ್ತೇನೆ ಅಂತ ಒಪ್ಪಿದ. ಹೀಗೆ ಶುರುವಾದದ್ದು ಅದು.

ನಾಗೇಶನ ಹೆಂಡತಿಯ ಫೋನಿನಲ್ಲಿ ಬೆರಳುಗಳ ವಿಡಿಯೋ ನೋಡಿ ನೋಡಿ ಸರಸು ಒಂದೇ ಒಂದು ಹಾಡು ಕೂಡಿಸಿಕೊಂಡಳು. ನಮ್ಮತ್ತೆ ಆರತಿ ಮಾಡುವಾಗ ಹೇಳುತ್ತಿದ್ದ ಹಾಡಿನ ಧಾಟಿ. ಮೂರನೇ ಸಾಲಿನಲ್ಲಿ ಒಂದು ಸ್ವರ ಯಾವಾಗಲೂ ಕೆಳಗೆ ಬೀಳುತ್ತಿತ್ತು. ದಿನವೂ ಅಲ್ಲಿಗೆ ಬಂದಾಗ ನನಗೆ ಮೆಟ್ಟಿಲು ತಪ್ಪಿದ ಹಾಗಾಗುತ್ತಿತ್ತು. ಆದರೆ ಅದೂ ನಾನು ಹತ್ತಿರ ಇದ್ದರೆ. ಆ ಹೊತ್ತಿಗೆ ನಾನು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದೆ. ಅಲ್ಲಿಗೆ ಏನೂ ಸರಿಯಾಗಿ ಬರುತ್ತಿರಲಿಲ್ಲ. ಹಾಲು ತಂದಿಟ್ಟಾಗ ದಿನಾ ಕೇಳುವಳು, "ಕೇಳಿತಾ?" "ಕೇಳ್ತು ಕೇಳ್ತು, ದನ ಹಾಲು ಬಿಡಲ್ಲ ಹೀಗಾದ್ರೆ" ಅನ್ನುತ್ತಿದ್ದೆ. ಅವಳು ನಗುತ್ತಿದ್ದಳು.

ಒಂದು ಸಂಜೆ ಹಾಲಿನ ಚೊಂಬು ಹಿಡಿದು ಬಂದರೆ ಕರೆಂಟು ಇಲ್ಲ, ಪೆಟ್ಟಿಗೆಯ ಕೆಂಪು ದೀಪ ಇಲ್ಲ. ಸರಸು ಕಣ್ಣು ಮುಚ್ಚಿ, ಗಿಟಾರಿನ ಕೊಂಬಿಗೆ ದವಡೆ ಕೊಟ್ಟು ಬಾರಿಸುತ್ತಲೇ ಇದ್ದಾಳೆ. ಹತ್ತಿರ ನಿಂತ ನನಗೆ ತಂತಿಯ ಸಣ್ಣ ಚಿಟಿಚಿಟಿ ಬಿಟ್ಟು ಏನೂ ಇಲ್ಲ. ಭುಜ ತಟ್ಟಿದೆ.

"ಕರೆಂಟು ಹೋಗಿದೆ ಮಾರಾಯ್ತಿ. ಯಾರಿಗೆ ಬಾರಿಸ್ತಿದ್ದೀಯ?"

"ಗೊತ್ತುಂಟು. ನನಗೆ ಹೀಗೇ ಕೇಳ್ತದೆ. ಕರೆಂಟು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ."

"ಹಾಗಾದ್ರೆ ನಾಲ್ಕು ಸಾವಿರದ ಪೆಟ್ಟಿಗೆ ಎಂತಕ್ಕೆ ತಗೊಂಡೆ?"

ದಡ್ಡಿಯನ್ನು ನೋಡುವ ಹಾಗೆ ನನ್ನನ್ನು ನೋಡಿದಳು. "ನಿನಗೆ. ಇಲ್ಲಿಂದ ಕೊಟ್ಟಿಗೆಗೆ ಇಪ್ಪತ್ತಾರು ಹೆಜ್ಜೆ. ಅಷ್ಟು ವರ್ಷ ನನ್ನ ಕಡೆಯಿಂದ ನೀನು ಮೆಷೀನಿನ ಗಲಾಟೆನೇ ಕೇಳಿದ್ದು. ಬೇರೆ ಎಂತಾದ್ರೂ ಒಂದು ಕೇಳಲಿ ಅಂತ."

ನಾನು ಚೊಂಬು ಇಡಲು ಒಳಗೆ ಹೋದೆ. ಹಾಲು ಸೋಸಿದೆ. ಒಲೆ ಹಚ್ಚಿದೆ. ಕೊಪ್ಪದಲ್ಲಿ ಎರಡು ಕೈ ಎತ್ತಿದ್ದು ಸುಳ್ಳು ಅಂತ ಹೇಳಲಿಲ್ಲ. ಹೇಳಬಹುದಿತ್ತು, ಅವಳು ಕಣ್ಣು ಬಿಟ್ಟುಕೊಂಡೇ ಇದ್ದಳು.

ಮರುದಿನದಿಂದ ಹಾಲು ಕರೆಯುವುದನ್ನು ಐದು ಗಂಟೆಗೆ ಮಾಡಿದೆ. ದನಕ್ಕೆ ಒಗ್ಗಲಿಲ್ಲ, ನಾಲ್ಕು ದಿನ ಒದೆಯಿತು. ಆರಕ್ಕೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಅವಳ ಕೋಣೆಯ ಹೊಸ್ತಿಲ ಮೇಲೆ ಕೂರುತ್ತಿದ್ದೆ. ಕೇಳಲು ಬಂದೆ ಅಂತ ಹೇಳಲಿಲ್ಲ. ಅಕ್ಕಿಯಲ್ಲಿ ಕಲ್ಲು ಇದೆ ಅಂತ ಹೇಳಿದೆ. ಗಿರಣಿ ನಡೆಸಿದವಳಿಗೆ ಆ ಅಕ್ಕಿಯಲ್ಲಿ ಕಲ್ಲಿಲ್ಲ ಅಂತ ಗೊತ್ತಾಗದೆ ಇರುತ್ತದೆಯೇ. ಅವಳು ಸದ್ದಿನ ಗುಂಡಿಯನ್ನು ಸ್ವಲ್ಪ ಕಡಿಮೆ ಮಾಡಿದಳು. ಎರಡು ಮಳೆಗಾಲ ಹಾಗೆ ನಡೆಯಿತು. ಅಷ್ಟೊಂದು ಶುದ್ಧವಾದ ಅಕ್ಕಿಯನ್ನು ನಾನು ಅದಕ್ಕೆ ಮುಂಚೆಯೂ ಉಂಡಿಲ್ಲ, ಆಮೇಲೂ ಉಂಡಿಲ್ಲ.

ಹೋದ ವರ್ಷ ಭತ್ತ ಬಡಿಯುವ ಹೊತ್ತಿಗೆ ಜ್ವರ ಬಂತು. ಕೊಪ್ಪದ ಆಸ್ಪತ್ರೆಯಲ್ಲಿ ಐದು ದಿನ ಇದ್ದಳು. ನಾಲ್ಕನೇ ದಿನ ನಾನು ಗದರಿದೆ, ಗಂಜಿ ಕುಡಿ ಅಂತ. ಕಣ್ಣು ಮುಚ್ಚಿಕೊಂಡಳು. ಮತ್ತೆ ತೆಗೆದಳು, ಆದರೆ ಆ ಸಲ ಮುಚ್ಚಿದ್ದು ನನ್ನ ಬೈಗುಳಕ್ಕೋ ಸುಸ್ತಿಗೋ ಅಂತ ಇವತ್ತಿಗೂ ಗೊತ್ತಿಲ್ಲ. ದನ ಮಾರಿದೆ. ಗಿಟಾರು ಅವಳ ಮಂಚದ ಮೇಲೆ ಒಂದು ಹಳೆ ಸೀರೆ ಹೊದ್ದು ಮಲಗಿದೆ. ಎನ್ಆರ್ ಪುರದಿಂದ ಇಬ್ಬರು ಬಂದು ಬೆಲೆ ಕೇಳಿದರು. ಕತ್ತು ಸಡಿಲ ಅಂತ ಹೇಳಿ ಕಳಿಸಿದೆ.

ಮೊನ್ನೆ ಸಂಜೆ ನಾಗೇಶನ ಮನೆಗೆ ಹೋದೆ. ಅವನು ಬೇಲಿಯ ಸ್ವಿಚ್ಚಿನ ಹತ್ತಿರವೇ ನಿಂತಿದ್ದ. ಆರಕ್ಕೆ ಇನ್ನೂ ಸ್ವಲ್ಪ ಇತ್ತು.

"ಆಫ್ ಮಾಡಬೇಡ" ಅಂದೆ.

"ಬೇಜಾರಿಲ್ವಾ ದೊಡ್ಡಮ್ಮ? ಬೇಕಾದ್ರೆ ಇನ್ನೊಂದಿಷ್ಟು ದಿನ..."

"ಹಂದಿಗೆ ಬೇಜಾರಾಗಬಹುದು. ಹಾಕಿಡು. ಆರರಿಂದ ಏಳು ಮಾತ್ರ ತಪ್ಪಿಸಬೇಡ."

ಅವನಿಗೆ ಅರ್ಥವಾಗಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ಮಂಚದ ಮೇಲಿನ ಸೀರೆ ತೆಗೆದೆ. ವೈರನ್ನು ಒಂದು ಕಡೆ ಗಿಟಾರಿಗೆ, ಒಂದು ಕಡೆ ಪೆಟ್ಟಿಗೆಗೆ ಸಿಕ್ಕಿಸಿ ಸ್ವಿಚ್ಚು ಹಾಕಿದೆ. ಬಿಸಿಯಾದ ಧೂಳಿನ ವಾಸನೆ ಬಂತು. ಅದರಲ್ಲಿ ಹಿಟ್ಟಿನ ವಾಸನೆಯೂ ಇತ್ತು ಅಂತ ನನಗೆ ಅನಿಸಿತು. ಗುಂಡಿಯನ್ನು ಪೂರ್ತಿ ತಿರುಗಿಸಿ ಇಟ್ಟು ಹೊರಗೆ ಬಂದೆ. ಅಂಗಳ ದಾಟಿ, ಹೆಜ್ಜೆ ಎಣಿಸುತ್ತಾ, ಖಾಲಿ ಕೊಟ್ಟಿಗೆಗೆ ಹೋಗಿ ಹಾಲು ಕರೆಯುವ ಮಣೆಯ ಮೇಲೆ ಕೂತೆ. ನನ್ನ ಹೆಜ್ಜೆಯಲ್ಲಿ ಅದು ಮೂವತ್ತೊಂದು.

ಟಕ್. ಸ್ವಲ್ಪ ಹೊತ್ತು. ಟಕ್.

ಸಣ್ಣಗೆ, ಆದರೆ ಕೇಳಿತು. ನೋಡುವವರು ಯಾರೂ ಇರಲಿಲ್ಲ. ಆದರೂ ಕೈ ಎತ್ತಿದೆ, ಒಂದೇ ಕೈ. ಏಳು ಗಂಟೆಗೆ ಎದ್ದು ಬಂದು ಆರಿಸಿದೆ.